ಆಮ್ರಪಾಲಿ ನುಂಗಿದ ನಾಲ್ಕು ಗುಟುಕು

ಹನ್ನೊಂದು ವರ್ಷ ವಿಮಾನದಲ್ಲಿ ವೈನ್ ಸುರಿದವಳು ಒಂದು ಹನಿಯನ್ನೂ ನಾಲಿಗೆಗೆ ತಾಗಿಸಿರಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಬೇಡ ಬಿಡಿ, ಅವಳ ಕಂಪನಿಯೂ ನಂಬಲಿಲ್ಲ. ಹುಕ್ಕೇರಿ ತಾಲ್ಲೂಕಿನ ಯಮಕನಮರಡಿಯ ಆಮ್ರಪಾಲಿ ಹಾದಿಮನಿಯ ಬದುಕು ಹಳಿ ತಪ್ಪಿದ್ದೇ ಈ ಒಂದು ಮಾತಿನ ಮೇಲೆ.

ಪತ್ರಿಕೆಯವರು ಗಗನಸಖಿ ಎಂದು ಬರೆಯುತ್ತಾರಲ್ಲ, ಆ ಕೆಲಸ ಅವಳದು. ಮುಂಬೈಯಿಂದ ಹಾರುವ ವಿಮಾನಗಳಲ್ಲಿ, ಈಚಿನ ಐದು ವರ್ಷ ಬಿಸಿನೆಸ್ ಕ್ಲಾಸಿನಲ್ಲಿ. ಅವಳ ಅವ್ವ ಸತ್ತೆವ್ವ ಮಾತ್ರ ಕೇಳಿದವರಿಗೆಲ್ಲ "ವಿಮಾನದಾಗ ಬಡಸ್ತಾಳ್ರಿ" ಎನ್ನುತ್ತಿದ್ದಳು. ಅದೇ ಸರಿಯಾದ ಮಾತು. ಸಖಿ ಗಿಖಿ ಎಲ್ಲ ಬರೀ ಬಣ್ಣ. ಬಡಿಸುವುದು, ಎತ್ತುವುದು, ನಗುವುದು, ಮತ್ತೆ ಬಡಿಸುವುದು, ಇಷ್ಟೇ.

ಅಪ್ಪ ಸಿದ್ರಾಮ ಹಿಡಕಲ್ ಡ್ಯಾಮಿನ ಮೇಲೆ ನೀರಿನ ಮಟ್ಟ ಬರೆಯುವ ನೌಕರನಾಗಿದ್ದ. ಮೂವತ್ತು ವರ್ಷ ದಿನಾ ಬೆಳಿಗ್ಗೆ ಅಳತೆಯ ಪಟ್ಟಿ ನೋಡಿ ರಿಜಿಸ್ಟರಿನಲ್ಲಿ ಅಂಕಿ ಬರೆದ. ಒಮ್ಮೆ ಮೇಲಿನ ಸಾಹೇಬ ಅರ್ಧ ಅಡಿ ಹೆಚ್ಚು ಬರೆ ಎಂದಾಗ ಪೆನ್ನು ಮೇಜಿನ ಮೇಲಿಟ್ಟು, "ನೀವ ಬರ್ಕೊಳ್ರಿ ಸಾಹೇಬ್ರ, ನನ್ನ ಕೈಲೆ ಆಗಂಗಿಲ್ಲ" ಎಂದವನು. ನಿವೃತ್ತನಾದ ಮೇಲೆ ಊರಿನ ಬುದ್ಧ ವಿಹಾರದ ಉಸ್ತುವಾರಿ ಹಿಡಿದ. ಹುಣ್ಣಿಮೆಗೊಮ್ಮೆ ಓಣಿಯವರನ್ನೆಲ್ಲ ಕೂರಿಸಿ ಪಂಚಶೀಲ ಹೇಳಿಸುತ್ತಿದ್ದ. ಕೊಲ್ಲುವುದಿಲ್ಲ, ಕದಿಯುವುದಿಲ್ಲ, ಕೆಟ್ಟ ನಡತೆಗೆ ಹೋಗುವುದಿಲ್ಲ, ಸುಳ್ಳಾಡುವುದಿಲ್ಲ, ಅಮಲಿನ ವಸ್ತು ಮುಟ್ಟುವುದಿಲ್ಲ.

ಮಗಳು ಮುಂಬೈಗೆ ಹೊರಟ ದಿನ ಅವಳೊಬ್ಬಳನ್ನೇ ವಿಹಾರಕ್ಕೆ ಕರೆದುಕೊಂಡು ಹೋಗಿ ಐದನ್ನೂ ಹೇಳಿಸಿದ. ಐದನೆಯದಕ್ಕೆ ಬಂದಾಗ ತಡೆದು, "ಇದನ್ನ ಇನ್ನೊಮ್ಮೆ ಅನ್ನು" ಎಂದ. ಅವಳು ಅಂದಳು.

"ಸುರುವೂದು ನಿನ್ನ ಕೆಲಸ, ಸುರುವು. ಅದಕ್ಕ ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಒಂದ ಹನಿ ಗಂಟಲದಾಗ ಇಳೀತಂದ್ರ ಈ ಹೊಸ್ತಲಾ ತುಳಿಬ್ಯಾಡ."

ಇದು ಬರೀ ಬೆದರಿಕೆಯಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅದರ ಹಿಂದಿನ ವರ್ಷವಷ್ಟೇ ಅವಳ ಅಣ್ಣ ಸೂರಜ ಗೋಕಾಕದಲ್ಲಿ ಗೆಳೆಯನ ಮದುವೆಗೆ ಹೋಗಿ ಒಂದು ಬಾಟಲಿ ಬಿಯರ್ ಕುಡಿದು ಬಂದಿದ್ದ. ಒಂದೇ ಬಾಟಲಿ. ಮರುದಿನ ಬೆಳಿಗ್ಗೆ ಅವನ ಬಟ್ಟೆಬರೆ ಕಟ್ಟೆಯ ಮೇಲಿತ್ತು. ಅಂದಿನಿಂದ ಸೂರಜ ಮೂಡಲಗಿಯಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡಿಕೊಂಡಿದ್ದಾನೆ. ಅವ್ವನನ್ನು ನೋಡಬೇಕೆಂದರೆ ಬಸ್ ಸ್ಟ್ಯಾಂಡಿಗೆ ಕರೆಸಿಕೊಳ್ಳುತ್ತಾನೆ. ಹೀಗಾಗಿ ಆಮ್ರಪಾಲಿ ಆ ಮಾತನ್ನು ಹನ್ನೊಂದು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾಯ್ದಳು. ಹೊಸ ವರ್ಷದ ಪಾರ್ಟಿಗಳಲ್ಲಿ ಜೊತೆಗಾತಿಯರು ಗ್ಲಾಸು ಬಾಯಿಗೆ ಹಿಡಿದು ಒತ್ತಾಯ ಮಾಡಿದರೂ ಜಗ್ಗಲಿಲ್ಲ. ಹಿಂದಿನಿಂದ ಅವಳಿಗೆ ಅಜ್ಜಿ ಎಂದು ಹೆಸರಿಟ್ಟರು. ಇಟ್ಟರೆ ಇಟ್ಟುಕೊಳ್ಳಲಿ ಎಂದು ಬಿಟ್ಟಳು.

ಕುಡಿಯದಿದ್ದರೇನಾಯಿತು, ಅವಳ ಮೂಗು ಅಂಥಿಂಥದ್ದಲ್ಲ. ಸಣ್ಣವಳಿದ್ದಾಗ ಸುಗ್ಗಿಯಲ್ಲಿ ಅವ್ವನ ಜೊತೆ ಮೂಡಲಗಿ ಕಡೆಯ ಬೆಲ್ಲದ ಗಾಣಕ್ಕೆ ಹೋಗುತ್ತಿದ್ದಳು. ಕಬ್ಬಿನ ಹಾಲು ಒಂದು ದಿನ ಉಳಿದರೆ ತಾನಾಗಿ ಗುಳ್ಳೆ ಎದ್ದು ಹುಳಿಯಾಗುತ್ತದೆ. ಅಂಥದು ಒಂದು ಕೊಡ ಬೆರೆತರೂ ಇಡೀ ಕೊಪ್ಪರಿಗೆಯ ಬೆಲ್ಲ ಕೆಡುತ್ತದೆ. ಗಾಣದ ಮಾಲೀಕ ಕೆಂಚಪ್ಪ "ಬಾರ ಹುಡುಗಿ, ಇದನ್ನ ಮೂಸು" ಎಂದು ಕರೆಯುತ್ತಿದ್ದ. ಇವಳು ನಾಲ್ಕು ಮಾರು ದೂರದಿಂದಲೇ ಯಾವ ಕೊಡ ನಿನ್ನೆಯದು ಎಂದು ಹೇಳಿಬಿಡುತ್ತಿದ್ದಳು. ಮೂಸಲಿಕ್ಕೆ ಕರೆಯುತ್ತಿದ್ದ, ಕೊಡ ಮುಟ್ಟಲಿಕ್ಕೆ ಬಿಡುತ್ತಿರಲಿಲ್ಲ. ದೊಡ್ಡ ಮನುಷ್ಯ.

ಅದೇ ಮೂಗು ವಿಮಾನದಲ್ಲೂ ಕೆಲಸ ಮಾಡಿತು. ಬಿಸಿನೆಸ್ ಕ್ಲಾಸಿನವರು ಸೀಟಿನಲ್ಲಿ ಕೂತ ಕೂಡಲೇ ಅವರ ಕೈಗೆ ನೊರೆಯೇಳುವ ವೈನ್ ಕೊಡಬೇಕು, ಸ್ಪಾರ್ಕ್ಲಿಂಗ್ ವೈನ್ ಎನ್ನುತ್ತಾರಲ್ಲ, ಅದು. ಮೊದಲಿದ್ದದ್ದು ಒಳ್ಳೆಯ ಮಾಲು. ಸುರಿದರೆ ಗ್ಲಾಸಿನ ತಳದಿಂದ ಸಣ್ಣ ಗುಳ್ಳೆಗಳು ದಾರ ಎಳೆದ ಹಾಗೆ ಒಂದೇ ಸಮ ಏರುತ್ತಿದ್ದವು, ಹದಿನೈದು ನಿಮಿಷವಾದರೂ ನಿಲ್ಲುತ್ತಿರಲಿಲ್ಲ. ವಾಸನೆಯಲ್ಲಿ ಹಸಿರು ಸೇಬು ಇತ್ತು, ಆಗತಾನೆ ಬೆಂದ ರೊಟ್ಟಿಯ ಅಂಚು ಇತ್ತು. ಆಮೇಲೆ ಖರೀದಿ ವಿಭಾಗಕ್ಕೆ ಯಾರೋ ಹೊಸಬರು ಬಂದರು, ಬಾಟಲಿ ಬದಲಾಯಿತು. ಮೆನು ಕಾರ್ಡಿನಲ್ಲಿ ಅದೇ ಚಿನ್ನದ ಅಕ್ಷರ, ಅದೇ ಹೊಗಳಿಕೆ. ಒಳಗೆ ಮಾತ್ರ ಬೇರೆ ಸರಕು. ಗುಳ್ಳೆಗಳು ಸೋಡಾದವುಗಳ ಹಾಗೆ ದಪ್ಪ, ಬುಸ್ಸೆಂದು ಎದ್ದು ಎರಡು ನಿಮಿಷಕ್ಕೆ ಸಾಯುತ್ತಿದ್ದವು. ವಾಸನೆ ಒದ್ದೆ ಗೋಣಿಚೀಲದ್ದು. ಅದನ್ನು ಮುಚ್ಚಲಿಕ್ಕೆ ಮೇಲೆ ಒಂದಿಷ್ಟು ಸಿಹಿ.

ಹದಿನಾರು ಜನಕ್ಕೆ ಕೊಟ್ಟರೆ ಹನ್ನೊಂದು ಗ್ಲಾಸು ತುಂಬಿದಂತೆಯೇ ವಾಪಸು ಬರುತ್ತಿದ್ದವು. ಖರೀದಿ ಮಾಡಿದವನ ಮುಖ ಯಾರೂ ನೋಡುವುದಿಲ್ಲ, ಬಡಿಸಿದವಳ ಮುಖ ನೋಡಿ ಮೂಗು ಮುರಿಯುತ್ತಾರೆ. ಒಬ್ಬರಂತೂ ಗ್ಲಾಸನ್ನು ಅವಳ ಟ್ರೇಯ ಮೇಲೆ ಕುಕ್ಕಿ, ಇದನ್ನು ನಿನ್ನ ಮನೆಯಲ್ಲಿ ಕುಡಿ ಎಂದರು. ಆಮ್ರಪಾಲಿ ಪ್ರತಿ ಹಾರಾಟದ ನಂತರ ಬರೆಯುವ ವರದಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದಳು. ಗುಳ್ಳೆ ನಿಲ್ಲುವುದಿಲ್ಲ, ಒದ್ದೆ ಗೋಣಿಯ ವಾಸನೆ, ಹದಿನಾರರಲ್ಲಿ ಹನ್ನೊಂದು ವಾಪಸು. ಒಂದಲ್ಲ, ನಾಲ್ಕು ತಿಂಗಳಲ್ಲಿ ಐದು ವರದಿ. ಡ್ಯಾಮಿನ ಮೇಲೆ ನೀರಿನ ಮಟ್ಟ ಬರೆದವನ ಮಗಳು, ಮತ್ತೇನು ಮಾಡಿಯಾಳು?

ಐದನೆಯದಕ್ಕೆ ಉತ್ತರ ಬಂತು. ವೈನ್ ರುಚಿ ನೋಡುವ ಸಭೆ ಇದೆ, ನೀವೂ ಬನ್ನಿ, ಬಡಿಸುವವರ ಅಭಿಪ್ರಾಯವೂ ನಮಗೆ ಬೇಕು ಎಂದಿತ್ತು. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ ಅವ್ವನಿಗೆ ಫೋನ್ ಮಾಡಿ ಹೇಳಿದಳು. ಹುಚ್ಚಿ.

ಸಭೆ ವಿಮಾನ ನಿಲ್ದಾಣದ ಪಕ್ಕದ ಕಚೇರಿಯಲ್ಲಿ, ಬೆಳಿಗ್ಗೆ ಹನ್ನೊಂದೂವರೆಗೆ. ಕೋಟು ಹಾಕಿದ ಐದು ಜನ. ನಡೆಸುವವನು ಗಜಾನನ ಎಂಬ ಅಧಿಕಾರಿ, ಗೋಕಾಕದವನು. ಇವಳ ಹೆಸರಿನ ಚೀಟಿ ನೋಡಿದ್ದೇ ಕನ್ನಡಕ್ಕೆ ಹೊರಳಿದ.

"ಹಾದಿಮನಿ ಅಂದ್ರ ನಮ್ಮ ಕಡೇದವ್ರ. ಯಾವೂರವಾ?"

"ಯಮಕನಮರಡಿರಿ."

"ಹೌದ? ನಮ್ಮ ಅತ್ತಿ ಮನಿ ಅಲ್ಲೇ. ನಿಮ್ಮ ಮನಿ ಎಲ್ಲಿ ಬರತೈತಿ?"

"ಹೈವೇ ದಾಟಿದ ಮ್ಯಾಲರಿ. ವಿಹಾರದ ಬಾಜೂಕ."

"ಹಾಂ ಹಾಂ, ಗೊತ್ತಾತು" ಎಂದ ಗಜಾನನ. ಆಮೇಲೆ ಊರಿನ ಸುದ್ದಿ ತೆಗೆಯಲಿಲ್ಲ. ಯಾಕೆ ತೆಗೆಯಲಿಲ್ಲ ಎಂದು ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಇಂಥ ಹಾಂ ಹಾಂಗಳನ್ನು ಅವಳು ಶಾಲೆಯ ದಿನದಿಂದ ಕೇಳುತ್ತ ಬಂದವಳು.

ಬಟ್ಟೆ ಸುತ್ತಿದ ನಾಲ್ಕು ಬಾಟಲಿ, ನಾಲ್ಕು ಗ್ಲಾಸು. ಆಮ್ರಪಾಲಿ ಮೂಸಿದಳು, ಗುಳ್ಳೆ ನೋಡಿದಳು, ಮೂರನೆಯದು ನಾವು ಈಗ ಕೊಡುತ್ತಿರುವುದು, ಒಂದನೆಯದು ಹಳೆಯದು ಎಂದಳು. ಎರಡೂ ಸರಿಯಿತ್ತು. ಕೋಟಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಮೂಸಿ ಹೇಳಿದ್ರ ಕಾಗದಕ್ಕ ಬರಂಗಿಲ್ಲ ತಂಗಿ" ಎಂದ ಗಜಾನನ. "ರುಚಿ ನೋಡೇ ಮಾರ್ಕ್ಸ್ ಹಾಕಬೇಕು."

"ನಾ ಕುಡಿಯಂಗಿಲ್ಲರಿ."

"ಕುಡಿ ಅಂದವ್ರ್ಯಾರು? ಬಾಯಾಗ ತುಗೊಂಡು, ಮುಕ್ಕಳಿಸಿ, ಉಗಳೂದು. ನಾವೂ ಹಂಗ ಮಾಡೂದು. ಗಂಟಲಕ್ಕ ಇಳಿಯಂಗಿಲ್ಲ."

ಅವಳು ಯೋಚಿಸಿದಳು. ಅಪ್ಪ ಹೇಳಿದ್ದು ಗಂಟಲಲ್ಲಿ ಇಳಿಯಬಾರದು ಎಂದು. ಇಳಿಯದಿದ್ದರೆ ಮಾತು ಮುರಿದ ಹಾಗಲ್ಲ. ಮಾರ್ಕ್ಸ್ ಹಾಕದೆ ಹೋದರೆ ಐದು ವರದಿಯೂ ಕಸದ ಬುಟ್ಟಿಗೆ. ಮೊದಲ ಗ್ಲಾಸಿನಿಂದ ಒಂದು ಗುಟುಕು ಬಾಯಿಗೆ ತೆಗೆದುಕೊಂಡಳು.

ಗಜಾನನ ಮೇಜಿನ ಮೇಲಿದ್ದ ಸ್ಟೀಲಿನ ಗಡಿಗೆಯಂಥ ಪಾತ್ರೆಯನ್ನು ಎತ್ತಿ, ಅವಳ ಗದ್ದದ ಕೆಳಗೆ ಹಿಡಿದು, "ಇದರಾಗ ಉಗಳವಾ" ಎಂದ.

ಅವನು ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಅದನ್ನೂ ಹೇಳಿಬಿಡಬೇಕು. ಎಲ್ಲರಿಗೂ ಹಾಗೇ ಹಿಡಿದಿದ್ದ, ಎಲ್ಲರೂ ಅದರಲ್ಲೇ ಉಗುಳಿದ್ದರು, ಆ ಕಸುಬಿನ ರೀತಿಯೇ ಅದು. ಆದರೆ ಸಿದ್ರಾಮ ಪ್ರತಿ ವರ್ಷ ಏಪ್ರಿಲ್ ಹದಿನಾಲ್ಕಕ್ಕೆ ವಿಹಾರದ ಅಂಗಳದಲ್ಲಿ ನಿಂತು ಮಾಡುತ್ತಿದ್ದ ಭಾಷಣ ಅವಳ ಕಿವಿಯಲ್ಲಿ ಎದ್ದು ನಿಂತಿತು. "ನಮ್ಮ ಮುತ್ಯಾನ ಮುತ್ಯಾಗೋಳ ಕೊರಳಾಗ ಗಡಿಗಿ ಕಟ್ಟಿದ್ರು. ನೆಲಕ್ಕ ಉಗಳಿದ್ರ ನೆಲ ಮೈಲಿಗಿ ಆಕ್ಕೈತಿ ಅಂತ. ತಮ್ಮ ಉಗುಳು ತಾವ ಹೊತಗೊಂಡು ತಿರಗ್ಯಾಡಿದ್ರು. ಇನ್ನ ಯಾವನರ ನಿಮ್ಮ ಮಾರಿ ಮುಂದ ಗಡಿಗಿ ಹಿಡದ್ರ, ಸತ್ತರೂ ಉಗಳಬ್ಯಾಡ್ರಿ."

ಗಡಿಗೆ ಗದ್ದದ ಕೆಳಗಿತ್ತು. ಹಿಡಿದವನಿಗೆ ಅವಳ ಓಣಿ ಗೊತ್ತಿತ್ತು. ಐದು ಜನ ನೋಡುತ್ತಿದ್ದರು. ಆಮ್ರಪಾಲಿಯ ಬಾಯಿ ತೆರೆಯಲಿಲ್ಲ. ಅವಳು ಅದನ್ನು ನುಂಗಿದಳು.

ಒಮ್ಮೆ ನುಂಗಿದ ಮೇಲೆ ಎರಡನೆಯದನ್ನು ಉಗುಳಿದರೆ ಮೊದಲನೆಯದನ್ನು ನುಂಗಿದ್ದು ಬಯಲಾಗುತ್ತದೆ ಎಂದು ನಾಚಿಕೆ. ಕರವಸ್ತ್ರದಲ್ಲಿ ಉಗುಳಿದವಳಂತೆ ಅದನ್ನು ಬಾಯಿಗೆ ಅಡ್ಡ ಹಿಡಿದು ನಾಲ್ಕನ್ನೂ ಹಾಗೇ ನುಂಗಿದಳು. ರುಚಿ ಅವಳ ಮೂಗು ಹೇಳಿದಂತೆಯೇ ಇತ್ತು. ಮೂರನೆಯದಕ್ಕೆ ಹತ್ತರಲ್ಲಿ ಎರಡು ಅಂಕ ಕೊಟ್ಟು, ಕಾರಣ ಬರೆದು, ಸಹಿ ಹಾಕಿ ಎದ್ದಳು. ಕಣ್ಣಲ್ಲಿ ನೀರು ಬಂದಿತ್ತು. ಗುಳ್ಳೆ ಮೂಗಿಗೇರಿತೇನೋ ಎಂದು ಯಾರೋ ನಕ್ಕರು.

ಮೆಟ್ಟಿಲು ಇಳಿಯುವಷ್ಟರಲ್ಲಿ ಫೋನ್. ಡ್ಯೂಟಿ ಹಂಚುವವರು. ಒಬ್ಬ ಹುಡುಗಿಗೆ ಜ್ವರ, ನೀನು ಇಲ್ಲೇ ಹತ್ತಿರ ಇದ್ದೀಯಂತೆ, ಕೂಡಲೇ ಹಾಜರಾಗು ಎಂದರು. ನಾನು ರುಚಿ ನೋಡುವ ಸಭೆಯಲ್ಲಿದ್ದೆ ಎಂದಳು. "ಅದರಲ್ಲೇನು, ಅಲ್ಲಿ ಎಲ್ಲರೂ ಉಗುಳುತ್ತಾರೆ. ಬರದಿದ್ದರೆ ಗೈರುಹಾಜರಿ" ಎಂಬ ಉತ್ತರ ಬಂತು. ನಾನು ಉಗುಳಲಿಲ್ಲ ಎಂದು ಅಲ್ಲಿ ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಯಾಕೆ ಉಗುಳಲಿಲ್ಲ ಎಂದು ಕೇಳಿದರೆ ಏನೆನ್ನಬೇಕು? ಅವಳು ಹೋದಳು. ಕುಡಿದು ಗೊತ್ತಿದ್ದವಳಾಗಿದ್ದರೆ ಹೋಗುತ್ತಿರಲಿಲ್ಲ. ನಾಲ್ಕು ಗುಟುಕು ಎಷ್ಟು ಹೊತ್ತು ಉಸಿರಿನಲ್ಲಿ ಉಳಿಯುತ್ತದೆ ಎಂಬುದು ಕುಡುಕರಿಗೆ ಗೊತ್ತಿರುತ್ತದೆ, ಕುಡಿಯದವರಿಗೆ ಏನು ಗೊತ್ತು?

ವಿಮಾನ ಹತ್ತುವ ಮುಂಚೆ ಎಲ್ಲರೂ ಯಂತ್ರಕ್ಕೆ ಊದಬೇಕು. ಸೊನ್ನೆ ಬಂದರೆ ಒಳಗೆ. ಆಮ್ರಪಾಲಿ ಊದಿದಳು, ಸೊನ್ನೆ ಬರಲಿಲ್ಲ. ಕಾಲು ಗಂಟೆ ಬಿಟ್ಟು ಮತ್ತೆ ಊದಿಸಿದರು. ಆಗಲೂ ಬರಲಿಲ್ಲ. ಅಲ್ಲಿದ್ದ ಹೆಣ್ಣುಮಗಳು ಅವಳ ಗುರುತಿನ ಚೀಟಿ ಇಸಿದುಕೊಂಡು, ಎಲ್ಲರೆದುರು, ಸಹಿ ಮಾಡು ಎಂದಳು. ಹನ್ನೊಂದು ವರ್ಷ ಅಜ್ಜಿ ಎನ್ನಿಸಿಕೊಂಡವಳು ಅರ್ಧ ತಾಸಿನಲ್ಲಿ ಕುಡುಕಿಯಾದಳು.

ಮರುದಿನ ಗಜಾನನನ ಫೋನು ಬಂತು. ದನಿಯಲ್ಲಿ ಊರಿನ ಅಕ್ಕರೆ ಇತ್ತು.

"ನೋಡ ತಂಗಿ, ಸಭಾದ ಕಾಗದದಾಗ ನಿನ್ನ ಹೆಸರ ಇಟ್ಟಿಲ್ಲ. ರುಚಿ ನೋಡಾಕ ಕರದು, ಡ್ಯೂಟಿಗೂ ಹಾಕಿದ್ರು ಅಂದ್ರ ಕಂಪನಿಗೆ ಕೆಟ್ಟ ಹೆಸರ. ನೀ ಒಂದ ಪತ್ರ ಬರಿ. ಹಿಂದಿನ ದಿನ ಮನ್ಯಾಗ ನಾನ ಕುಡದಿದ್ದೆ, ತಪ್ಪಾತು ಅಂತ. ಮೂರ ತಿಂಗಳ ಮನ್ಯಾಗ ಕೂಡು, ಆಮ್ಯಾಲ ಬಾ."

"ನಾ ಹಿಂದಿನ ದಿನ ಕುಡದಿಲ್ಲರಿ. ನೀವ ಕೊಟ್ಟದ್ದ ಅದು."

"ಉಗಳು ಅಂತ ಕೊಟ್ಟಿದ್ದೆ" ಎಂದ ಅವನು. "ಬರೀದಿದ್ರ ವಿಚಾರಣಿ ಆಕ್ಕೈತಿ. ಐದ ರಿಪೋರ್ಟ್ ಬರದೀಯಲ್ಲ, ವೈನಿನ ಬಗ್ಗಿ ಇಷ್ಟ ಗೊತ್ತಾಗಬೇಕಂದ್ರ ವಿಮಾನದಾಗ ಕದ್ದು ಕುಡೀತಿರಬೇಕು ಅಂತಾರ. ನೌಕರಿ ಹೊಕ್ಕೈತಿ. ವಿಚಾರ ಮಾಡು."

ಸಭೆಯಲ್ಲಿ ಆ ವೈನಿಗೆ ಏನು ತೀರ್ಮಾನವಾಯಿತು ಎಂದು ಕೇಳಿದಳು. "ಪಾಸ್ ಆತು" ಎಂದ. ಹೇಗೆ ಪಾಸಾಗದೆ ಇರುತ್ತದೆ? ಎರಡು ಅಂಕ ಕೊಟ್ಟವಳು ಆ ಸಭೆಗೆ ಬಂದೇ ಇರಲಿಲ್ಲವಲ್ಲ.

ಬೆಳಗಾವಿಗೆ ಬಂದು, ಬಸ್ಸು ಹಿಡಿದು ಯಮಕನಮರಡಿಯಲ್ಲಿ ಇಳಿದಾಗ ಮಧ್ಯಾಹ್ನ. ಅವಳು ಹೊಸ್ತಿಲ ಹೊರಗೇ ನಿಂತಳು, ಬ್ಯಾಗನ್ನು ಕಟ್ಟೆಯ ಮೇಲಿಟ್ಟಳು. ನಡೆದದ್ದನ್ನು ಅಲ್ಲಿಂದಲೇ ಹೇಳಿದಳು, ಒಂದೂ ಬಿಡದೆ. ದಾರಿಯುದ್ದಕ್ಕೂ ಅಪ್ಪ ಏನೇನು ಬೈಯಬಹುದು ಎಂದು ಲೆಕ್ಕ ಹಾಕುತ್ತ ಬಂದಿದ್ದಳು. ಸೂರಜಣ್ಣನ ಹತ್ತಿರ ಮೂಡಲಗಿಗೆ ಹೋಗಿ ಇರುವುದೆಂದೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

ಸಿದ್ರಾಮ ಕೇಳಿ ಮುಗಿಸಿ, "ಒಳಗ ಬಾ. ಹೊರಗ ನಿಂತು ಮಾತಾಡಬ್ಯಾಡ, ಮಂದಿ ಕೇಳತಾರ" ಎಂದ.

ಅಷ್ಟೇ. ಸತ್ತೆವ್ವ ಬ್ಯಾಗು ಎತ್ತಿಕೊಂಡು ಒಳಗೆ ಹೋದಳು.

"ಉಗಳಾಕ ಏನ ಧಾಡಿಯಾಗಿತ್ತ ನಿನಗ?" ಎಂದು ಅಪ್ಪ ಕೇಳಿದ.

"ಗಡಿಗಿ ಹಿಡದಿದ್ದ ಅಪ್ಪಾ."

ಅವನು ಗೂಡಿನಿಂದ ಕನ್ನಡಕ ತೆಗೆದ. ಆಮೇಲೆ, "ಅದು ಬ್ಯಾರೆ, ಇದು ಬ್ಯಾರೆ" ಎಂದ. ಕನ್ನಡಕ ಹಾಕಿಕೊಂಡು ಒಂದು ಬಿಳಿ ಹಾಳೆ, ಪೆನ್ನು ತಂದು ಅವಳ ಮುಂದಿಟ್ಟ. "ಬರಿ. ಅಂವ ಹೇಳಿದಂಗ ಬರದು ಕೊಡು. ಮೂರ ತಿಂಗಳ ಹೆಂಗರ ಕಳೀತಾವ. ರಜಾ ಅಂತ ಹೇಳೂಣು."

ಆಮ್ರಪಾಲಿಗೆ ಕೇಳಿದ್ದು ನಿಜವೋ ಸುಳ್ಳೋ ತಿಳಿಯಲಿಲ್ಲ. "ಅಣ್ಣ ಒಂದ ಬಾಟಲಿ ಕುಡದಿದ್ದಕ್ಕ ನೀ ಹೊರಗ ಹಾಕಿದಿ."

"ಅಂವ ಮಜಾಕ್ಕ ಕುಡದ. ನಿಂದು ನೌಕರಿ."

"ಐದನೇದ್ದ ಮುರದು ಬಂದೇನಿ, ಅದಕ್ಕ ನನ್ನ ಹೊಡಿ, ಹೊರಗ ಹಾಕು. ಸುಳ್ಳ ಬರಸಿ ನಾಲ್ಕನೇದ್ದ ಯಾಕ ಮುರಸಾಕತ್ತಿ?"

ಸಿದ್ರಾಮನಿಗೆ ಸಿಟ್ಟು ಬಂತು. ಈ ಸಿಟ್ಟು ಅವಳು ಕಾಯುತ್ತ ಬಂದಿದ್ದ ಸಿಟ್ಟಲ್ಲ. "ನಾ ಹುಕ್ಕೇರಿ ಆಫೀಸಿಗೆ ಹ್ವಾದ್ರ ಈಗ ಕುರ್ಚಿ ಕೊಡತಾರ, ಗೊತ್ತೈತಿ ನಿನಗ? ಮೂವತ್ತ ವರ್ಷ ಡ್ಯಾಮಿನ ಮ್ಯಾಲ ಖರೇ ಬರದ್ನಿ. ಒಂದ ಅಂಕಿ ತಪ್ಪಲಿಲ್ಲ. ಒಬ್ಬ ಸಾಹೇಬನೂ ಕೂಡು ಅನ್ನಲಿಲ್ಲ. ನೀ ವಿಮಾನ ಹತ್ತಿದ ಮ್ಯಾಲ ಕೂಡ್ರಿ ಸಿದ್ರಾಮಪ್ಪಾರ ಅಂತಾರ. ಆ ಕುರ್ಚಿ ಹ್ವಾದ್ರ ನಾ ಮತ್ತ ಬಾಗಲದಾಗ ನಿಂದರಬೇಕು. ಬರಿ."

ಆಮ್ರಪಾಲಿಗೆ ಅಪ್ಪನ ಮೇಲೆ ಕನಿಕರ ಬಂತು, ಆ ಕನಿಕರಕ್ಕಿಂತ ದೊಡ್ಡದಾಗಿ ಅಸಹ್ಯವೂ ಬಂತು. ಹನ್ನೊಂದು ವರ್ಷ ತಾನು ಯಾವುದನ್ನು ಜೀವದಂತೆ ಕಾಪಾಡಿದ್ದಳೋ ಅದು ಅಪ್ಪನಿಗೆ ಒಂದು ಕುರ್ಚಿಯ ಬೆಲೆಯದ್ದಾಗಿತ್ತು. ಆ ಕುರ್ಚಿಯನ್ನು ಅಷ್ಟು ದುಬಾರಿ ಮಾಡಿಟ್ಟ ಊರಿನ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ, ಅಪ್ಪನ ಮೇಲೋ? ಅವಳು ಪೆನ್ನು ತೆಗೆದುಕೊಂಡಳು.

ಅವನೇ ಹೇಳಿದ, ಅವಳು ಬರೆದಳು. ಹಿಂದಿನ ರಾತ್ರಿ ನನ್ನ ಕೋಣೆಯಲ್ಲಿ ನಾನಾಗಿಯೇ ಮದ್ಯ ಸೇವಿಸಿದ್ದು ನಿಜ. ಇದಕ್ಕೆ ಬೇರೆ ಯಾರೂ ಕಾರಣರಲ್ಲ. ದಿನಾಂಕ ಹಾಕುವುದನ್ನು ಮರೆತಿದ್ದಳು, ಅಪ್ಪ ಬೆರಳಿಟ್ಟು ತೋರಿಸಿದ. ಡ್ಯಾಮಿನ ರಿಜಿಸ್ಟರ್ ಬರೆದ ಕೈ, ದಿನಾಂಕ ಬಿಡಲು ಒಪ್ಪಲಿಲ್ಲ.

ಎರಡು ದಿನಕ್ಕೆ ಹುಣ್ಣಿಮೆ. ವಿಹಾರದಲ್ಲಿ ಅವಳು ಹೆಂಗಸರ ಹಿಂದೆ ಕೂತಿದ್ದಳು. ಸಿದ್ರಾಮ ಒಂದೊಂದಾಗಿ ಹೇಳಿಸಿದ. ನಾಲ್ಕನೆಯದಕ್ಕೆ ಬಂದಾಗ ಅವಳು ತಲೆ ಎತ್ತಿ ಅವನನ್ನೇ ನೋಡಿದಳು. ಅವನ ದನಿ ಯಾವತ್ತಿನಂತೆಯೇ ಇತ್ತು, ಎಲ್ಲೂ ತಡವರಿಸಲಿಲ್ಲ. ಅವಳು ನಾಲ್ಕಕ್ಕೂ ಬಾಯಿ ಬಿಡಲಿಲ್ಲ, ಐದಕ್ಕೂ ಬಿಡಲಿಲ್ಲ.

ಮೂರು ತಿಂಗಳು ಕಳೆದು ಕೆಲಸಕ್ಕೆ ಮರಳಿದಳು. ಜೊತೆಗಾತಿಯರು ಈಗ ಅಜ್ಜಿ ಎನ್ನುವುದಿಲ್ಲ. ಮೆನು ಕಾರ್ಡು ಅದೇ, ಬಾಟಲಿಯೂ ಅದೇ. ಮೊದಲ ವಾರದಲ್ಲೇ, ಬಿಸಿನೆಸ್ ಕ್ಲಾಸಿನ ಎರಡನೆಯ ಸಾಲಿನಲ್ಲಿ ಒಬ್ಬರು ಮುದುಕರು, ಬಹುಶಃ ಮೊದಲ ಸಲ ಆ ಸೀಟಿನಲ್ಲಿ ಕೂತವರು, ಒಂದು ಗುಟುಕು ಕುಡಿದು ಮುಖ ಹಿಂಡಿದರು. ಸಂಕೋಚದಿಂದ ಅವಳನ್ನು ಹತ್ತಿರ ಕರೆದು, ನನಗೆ ಇದೆಲ್ಲ ಅಷ್ಟು ತಿಳಿಯುವುದಿಲ್ಲ ಮಗಳೇ, ಇದು ಕೆಟ್ಟಿದೆಯೋ ಅಥವಾ ಒಳ್ಳೆಯ ವೈನ್ ಅಂದರೆ ಹೀಗೇ ಇರುತ್ತದೋ ಎಂದು ಕೇಳಿದರು.

ಗ್ಲಾಸಿನಲ್ಲಿ ಗುಳ್ಳೆ ಆಗಲೇ ಸತ್ತಿತ್ತು. ಒದ್ದೆ ಗೋಣಿಯ ವಾಸನೆ ಅವಳಿಗೆ ನಿಂತಲ್ಲಿಗೇ ಬರುತ್ತಿತ್ತು.

"ಒಳ್ಳೆಯದು ಹೀಗೇ ಇರುತ್ತದೆ ಸರ್" ಎಂದಳು ಆಮ್ರಪಾಲಿ.

ಮುದುಕರು ಅವಳಿಗೆ ಥ್ಯಾಂಕ್ಸ್ ಹೇಳಿ, ಕಣ್ಣು ಮುಚ್ಚಿಕೊಂಡು ಅಷ್ಟನ್ನೂ ಕುಡಿದರು.